ಕಾಲೇಜು ಚುನಾವಣೆ ಬೇಡ ಎನ್ನುವವರಿಗೆ ಪ್ರತ್ಯುತ್ತರ

ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ 1989-90ರ ಹೊತ್ತಿಗೆ ನಿಂತುಹೋಯಿತು. ಅದನ್ನು ಮತ್ತೆ ನಡೆಸೋಣ ಎಂದಾಗಲೆಲ್ಲ ಅವೇ ಆಕ್ಷೇಪಗಳು ಎದ್ದು ಬರುತ್ತವೆ. ಅವುಗಳಿಗೆ ಎಷ್ಟು ತೂಕವಿದೆ ಎಂಬುದನ್ನು ಓದುಗರೇ ತೀರ್ಮಾನಿಸಲಿ.

ಹದಿನೆಂಟರ ಹುಡುಗ ಹುಡುಗಿಯರಿಗೆ ಪ್ರಬುದ್ಧತೆ ಸಾಲದು ಎನ್ನುತ್ತಾರೆ. ಹಾಗಿದ್ದರೆ ಇವರ ತಕರಾರು ಸಂವಿಧಾನದ 61ನೇ ತಿದ್ದುಪಡಿಯ ಮೇಲೆಯೇ ಇರಬೇಕು. 1989ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಆ ತಿದ್ದುಪಡಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಹದಿನೆಂಟು ತುಂಬಿದವಳು ಸಂಸದರನ್ನು ಆರಿಸಬಹುದು. 21 ತುಂಬಿದರೆ ಗ್ರಾಮ ಪಂಚಾಯಿತಿಗೆ ತಾನೇ ಸ್ಪರ್ಧಿಸಬಹುದು. ಹಾಸ್ಟೆಲಿನ ನೀರಿನ ಬಗ್ಗೆ ಪ್ರಾಂಶುಪಾಲರ ಮುಂದೆ ಮಾತಾಡಲು ಒಬ್ಬ ಪ್ರತಿನಿಧಿಯನ್ನು ಆರಿಸುವ ಬುದ್ಧಿ ಮಾತ್ರ ಅವಳಿಗಿಲ್ಲವೇ?

ಹೊಡೆದಾಟ, ಹಣ, ತೋಳ್ಬಲ ಎಂಬುದು ಎರಡನೆಯ ಆಕ್ಷೇಪ. ಭಯ ಸುಳ್ಳಲ್ಲ, ಅದರಿಂದ ಇವರು ತಲುಪುವ ತೀರ್ಮಾನ ತಪ್ಪು. ಇದೇ ಭಯವನ್ನು ಎದುರಿಟ್ಟುಕೊಂಡು ವಿದ್ಯಾರ್ಥಿ ಸಂಘದ ಚುನಾವಣೆ ಕುರಿತ ಜೆ.ಎಂ. ಲಿಂಗ್ಡೊ ಸಮಿತಿ 2006ರಲ್ಲಿ ವರದಿ ಕೊಟ್ಟಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಅದರ ಶಿಫಾರಸುಗಳನ್ನು ಜಾರಿ ಮಾಡುವಂತೆ ಹೇಳಿತು. ಅಭ್ಯರ್ಥಿಯ ಖರ್ಚಿಗೆ 5,000 ರೂಪಾಯಿಯ ಮಿತಿ, ಅಚ್ಚು ಹಾಕಿಸಿದ ಪೋಸ್ಟರಿಗೆ ನಿಷೇಧ, ಇಡೀ ಪ್ರಕ್ರಿಯೆ ಹತ್ತು ದಿನದೊಳಗೆ. ವಾತಾವರಣ ಕೆಟ್ಟಿರುವ ಕಡೆ ಪ್ರತಿನಿಧಿಗಳ ನಾಮನಿರ್ದೇಶನಕ್ಕೆ ಅವಕಾಶ ಕೊಟ್ಟರೂ ಅದು ತಾತ್ಕಾಲಿಕ ವ್ಯವಸ್ಥೆ ಮಾತ್ರ ಎಂದು ಸಮಿತಿ ಸ್ಪಷ್ಟಪಡಿಸಿತು. ದೆಹಲಿ ವಿಶ್ವವಿದ್ಯಾಲಯದಲ್ಲಿ ಈ ನಿಯಮಗಳು ಮುರಿದುಬಿದ್ದಿವೆಯಲ್ಲ ಎಂದರೆ, ಮುರಿದವರನ್ನು ಅನರ್ಹಗೊಳಿಸಿ ಎನ್ನಬೇಕು. ವಿಧಾನಸಭೆ ಚುನಾವಣೆಯಲ್ಲಿ ದುಡ್ಡು ಹಂಚುತ್ತಾರೆಂದು ವಿಧಾನಸಭೆಯನ್ನೇ ಮುಚ್ಚಿ ಎಂದು ಇವರಲ್ಲಿ ಒಬ್ಬರೂ ಕೇಳಿಲ್ಲ.

ಪಕ್ಷಗಳು ಕಾಲೇಜಿನೊಳಗೆ ನುಗ್ಗುತ್ತವಂತೆ. ಅವು ಹೊರಗೆ ಹೋದದ್ದಾದರೂ ಯಾವಾಗ? ಎಬಿವಿಪಿ, ಎನ್‌ಎಸ್‌ಯುಐ, ಎಸ್‌ಎಫ್‌ಐ ಚುನಾವಣೆಯಿಲ್ಲದ ಇಷ್ಟು ವರ್ಷಗಳಲ್ಲೂ ಸದಸ್ಯರನ್ನು ಸೇರಿಸಿಕೊಂಡಿವೆ, ಮೆರವಣಿಗೆ ತೆಗೆದಿವೆ, ಬಂದ್ ಮಾಡಿಸಿವೆ. ಚುನಾವಣೆ ನಿಲ್ಲಿಸಿದ್ದು ಪಕ್ಷಗಳನ್ನು ತಡೆಯಲಿಲ್ಲ. ಆ ಸಂಘಟನೆಗಳನ್ನು ಮತ ಹಾಕಿ ಸೋಲಿಸುವ ಹಕ್ಕನ್ನು ಸಾಮಾನ್ಯ ವಿದ್ಯಾರ್ಥಿಯ ಕೈಯಿಂದ ಕಿತ್ತುಕೊಂಡಿತು, ಅಷ್ಟೆ.

ಓದು ಕೆಡುತ್ತದೆ ಎಂಬ ಮಾತಿಗೆ ಹೆಚ್ಚು ಹೊತ್ತು ಬೇಕಿಲ್ಲ. ಸ್ಪರ್ಧಿಸಲು ಶೇಕಡ 75 ಹಾಜರಾತಿ ಇರಬೇಕು, ಬಾಕಿ ಉಳಿದ ವಿಷಯ ಇರಬಾರದು ಎನ್ನುತ್ತವೆ ಅದೇ ಲಿಂಗ್ಡೊ ನಿಯಮಗಳು. ಶಾಸಕರಾಗಲು ಇಂಥ ಷರತ್ತೇನೂ ಇಲ್ಲ.

ಕೊನೆಗೆ ನುಣುಚಿಕೊಳ್ಳುವ ಮಾತು: ಕ್ಲಾಸ್ ರೆಪ್ ಇದ್ದಾರೆ, ಸಾಮಾಜಿಕ ಜಾಲತಾಣವಿದೆ, ಇನ್ನೇನು ಬೇಕು? ಮೇಷ್ಟ್ರು ಅಂಕ ನೋಡಿ ನೇಮಿಸಿದ ಕ್ಲಾಸ್ ರೆಪ್ ಮೇಷ್ಟ್ರಿಗೆ ಉತ್ತರದಾಯಿ, ತರಗತಿಗಲ್ಲ. ಜಾಲತಾಣದಲ್ಲಿ ಸಾವಿರ ಜನ ಮೆಚ್ಚಿದ ದೂರಿಗೂ ಆಡಳಿತ ಮಂಡಳಿ ಉತ್ತರಿಸಬೇಕಿಲ್ಲ. ಚುನಾಯಿತ ಸಂಘ ಸಭೆ ಕರೆಯಬಹುದು, ನಡಾವಳಿ ಬರೆಸಬಹುದು, ಅಭಿವೃದ್ಧಿ ಶುಲ್ಕವೆಂದು ಕಟ್ಟಿಸಿಕೊಂಡ ಹಣಕ್ಕೆ ಲೆಕ್ಕ ಕೇಳಬಹುದು. ಖಾಸಗಿ ಕಾಲೇಜು ನಡೆಸುವ ರಾಜಕಾರಣಿಗಳು ಎಲ್ಲ ಪಕ್ಷಗಳಲ್ಲೂ ಇರುವ ರಾಜ್ಯದಲ್ಲಿ ಈ ಕೊನೆಯ ಕೆಲಸ ಎಷ್ಟು ಜನಕ್ಕೆ ರುಚಿಸೀತು? ರಾಜಕೀಯಕ್ಕೆ ಹೊಸಬರು ಬರುವ ದಾರಿಯೂ ಇಂಥ ಸಂಘವೇ: ಲಾಲು ಪ್ರಸಾದ್ ಪಟ್ನಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದಿಂದ ಬಂದರು, ಅರುಣ್ ಜೇಟ್ಲಿ ದೆಹಲಿ ವಿಶ್ವವಿದ್ಯಾಲಯದ ಸಂಘದಿಂದ. ಇಬ್ಬರೂ ರಾಜಕೀಯ ಮನೆತನದವರಲ್ಲ. ಆ ದಾರಿ ಮುಚ್ಚಿದ ಮೇಲೆ ನಮ್ಮಲ್ಲಿ ಇಪ್ಪತ್ತೈದಕ್ಕೇ ಟಿಕೆಟ್ ಸಿಗುವುದು ಯಾರ ಮಕ್ಕಳಿಗೆ ಎಂಬುದನ್ನು ಚುನಾವಣೆ ಬೇಡ ಎನ್ನುವವರು ಒಮ್ಮೆ ಹೆಸರು ಹಿಡಿದು ಹೇಳಲಿ.