ವೀರಗಲ್ಲುಗಳ ನಾಡಿಗೆ ನಂಬರ್ ಪ್ಲೇಟಿನ ಗೌರವವೇಕೆ?

ಯುದ್ಧದಲ್ಲಿ ಮಡಿದ ಸೈನಿಕರ ಕುಟುಂಬಗಳ ವಾಹನಗಳಿಗೆ ವಿಶೇಷ ನಂಬರ್ ಪ್ಲೇಟು ಕೊಡಬೇಕೆಂದು ಸರಕಾರಕ್ಕೆ ಮನವಿ ಸಲ್ಲಿಸುವ ಠರಾವೊಂದು ನಮ್ಮ ಭಾಗದ ಬಸದಿಯೊಂದರ ಟ್ರಸ್ಟಿನ ಮುಂದಿದೆ. ಠರಾವು ತಂದವರು ಸಜ್ಜನರು. ಅವರ ಉದ್ದೇಶದಲ್ಲಿ ಕಲ್ಮಷವಿಲ್ಲ. ಆದರೂ ಅದನ್ನು ನಾನು ವಿರೋಧಿಸಿದ್ದೇನೆ. ವಿರೋಧಿಸಿದ ಕೂಡಲೇ ‘ಅಹಿಂಸೆಯವರಿಗೆ ಸೈನಿಕರ ಬೆಲೆ ಏನು ತಿಳಿದೀತು?’ ಎಂಬ ಮಾತು ಹಿಂದಿನ ಸಾಲಿನಿಂದ ಕೇಳಿಬಂತು. ಅದನ್ನು ಅಂದವರೂ ಜೈನರೇ! ಆದುದರಿಂದ ಮೊದಲು ಆ ಆಕ್ಷೇಪಕ್ಕೇ ಉತ್ತರ ಹೇಳಬೇಕಾಗಿದೆ.

ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸುವುದು ನಮ್ಮಲ್ಲಿ ಪಾಠಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಅಣುವ್ರತಿಯು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕು. ಆಕ್ರಮಣವನ್ನು ತಡೆಯುವಾಗ ಒದಗುವ ವಿರೋಧೀ ಹಿಂಸೆ ಅವನಿಗೆ ಅನಿವಾರ್ಯವಾದದ್ದು. ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಸೇನಾಪತಿ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಪರಮ ಜಿನಭಕ್ತ. ಸೈನಿಕನನ್ನು ಗೌರವಿಸುವುದನ್ನು ನಮಗೆ ಹೊರಗಿನವರು ಕಲಿಸಬೇಕಾಗಿಲ್ಲ. ಹೇಗೆ ಗೌರವಿಸಬೇಕೆಂಬುದಷ್ಟೇ ಪ್ರಶ್ನೆ.

ಈ ಪ್ಲೇಟಿನ ಕಲ್ಪನೆ ಬಂದದ್ದು ಅಮೆರಿಕದಿಂದ. ಮೊದಲ ಮಹಾಯುದ್ಧದ ಕಾಲಕ್ಕೆ ಅಲ್ಲಿಯ ಮನೆಗಳು ಸೈನ್ಯಕ್ಕೆ ಹೋದ ಮಗನಿಗಾಗಿ ನೀಲಿ ನಕ್ಷತ್ರವುಳ್ಳ ಬಾವುಟವನ್ನು ಕಿಟಕಿಗೆ ತೂಗುಹಾಕುತ್ತಿದ್ದವು; ಮಗ ಮಡಿದರೆ ನೀಲಿಯ ಮೇಲೆ ಬಂಗಾರದ ನಕ್ಷತ್ರ ಬರುತ್ತಿತ್ತು. ಇಂದು ಅಲ್ಲಿಯ ಹಲವು ರಾಜ್ಯಗಳು ಅಂಥ ಕುಟುಂಬಗಳ ಕಾರುಗಳಿಗೆ ಬಂಗಾರದ ನಕ್ಷತ್ರದ ಪ್ಲೇಟು ಕೊಡುತ್ತವೆ. ಇದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಮಗನ ಹೆಸರನ್ನು ಅಪರಿಚಿತನೊಬ್ಬ ಕೇಳಲಿ ಎಂದು ತಾಯಿ ಹಂಬಲಿಸುವುದು ಸಹಜವೇ. ಆದರೆ ಅಲ್ಲಿ ಮನೆಮನೆಗೆ ಕಾರುಂಟು. ನಮ್ಮ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರುಗಳ ಹಳ್ಳಿಯಿಂದ ಸೈನ್ಯಕ್ಕೆ ಹೋದವನು ಹೆಚ್ಚಾಗಿ ಎರಡು ಮೂರು ಎಕರೆಯ ರೈತನ ಮಗ. ಅವನ ತಾಯಿ ತಿರುಗಾಡುವುದು ಕೆಂಪು ಬಸ್ಸಿನಲ್ಲಿ. ಬಸ್ಸಿಗೆ ಯಾವ ಪ್ಲೇಟು ಹಚ್ಚೋಣ?

ಇನ್ನು ಕಾನೂನು. ನಂಬರ್ ಪ್ಲೇಟು ಹೇಗಿರಬೇಕೆಂಬುದನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಅಕ್ಷರದ ಎತ್ತರದವರೆಗೆ ವಿಧಿಸಿವೆ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ಪ್ಲೇಟು ಕಡ್ಡಾಯವಾಯಿತು. ಹಳೆಯ ವಾಹನಗಳಿಗೂ ಹಾಕಿಸಬೇಕೆಂದು ಕರ್ನಾಟಕ ಸರಕಾರ 2023ರ ಆಗಸ್ಟಿನಲ್ಲಿ ಆದೇಶಿಸಿತು. ಅದಕ್ಕೂ ಹಿಂದೆ, 2017ರ ಮೇ 1ರಿಂದ, ಮಂತ್ರಿಗಳ ಕಾರಿನ ಕೆಂಪು ದೀಪವೂ ಇಳಿಯಿತು. ರಸ್ತೆಯ ಮೇಲೆ ಎಲ್ಲರೂ ಸಮಾನರೆಂಬ ಕಡೆಗೆ ದೇಶ ತಡವಾಗಿಯಾದರೂ ಹೆಜ್ಜೆ ಇಟ್ಟಿರುವಾಗ, ನಾವು ಹೊಸದೊಂದು ಗುರುತಿಗೆ ಅರ್ಜಿ ಹಾಕಹೊರಟಿದ್ದೇವೆ. ರಾಷ್ಟ್ರೀಯ ಹೆದ್ದಾರಿಯ ಟೋಲ್ ನಾಕಾಗಳಲ್ಲಿ ಪರಮವೀರಚಕ್ರದಿಂದ ಶೌರ್ಯಚಕ್ರದವರೆಗಿನ ಪದಕ ಪಡೆದವರಿಗೆ 2008ರ ನಿಯಮಗಳು ವಿನಾಯಿತಿ ಕೊಟ್ಟಿವೆ. ಅವರು ತೋರಿಸಬೇಕಾದದ್ದು ಗುರುತಿನ ಚೀಟಿ ಮಾತ್ರ. ಇತ್ತ ಮೋಟರ್ ಸೈಕಲ್ಲುಗಳ ಮೇಲೆ ‘ಆರ್ಮಿ’ ಎಂದು ಬರೆಸಿಕೊಂಡು ಓಡಾಡುವವರಲ್ಲಿ ಎಷ್ಟು ಮಂದಿ ಸೈನಿಕರ ಭಾವಮೈದುನನ ಗೆಳೆಯರು ಎಂಬುದನ್ನು ಪೇಟೆಯಲ್ಲಿ ಅಂಗಡಿ ಇಟ್ಟವರೆಲ್ಲ ಬಲ್ಲರು.

ಪ್ಲೇಟು ಯಾರಿಗೆ ಎಂಬುದೂ ಸುಲಭದ ಮಾತಲ್ಲ. ನಾವು ವೇದಿಕೆಯಲ್ಲಿ ಸಲೀಸಾಗಿ ಬಳಸುವ ‘ಹುತಾತ್ಮ’ ಎಂಬ ಪದಕ್ಕೆ ಸೇನೆಯ ಕಡತದಲ್ಲಿ ಸ್ಥಾನವಿಲ್ಲ. ಅಲ್ಲಿರುವುದು ಸಾವಿನ ವರ್ಗೀಕರಣ. ಯುದ್ಧದ ಸಾವೆಂದು ಬರೆದರೆ ಕುಟುಂಬಕ್ಕೆ ಕೊನೆಯ ವೇತನದಷ್ಟೇ ಪಿಂಚಣಿ. ಸೇವೆಯ ಕಾರಣದಿಂದಾದ ಇತರ ಸಾವಾದರೆ ಅದರ ಶೇಕಡಾ 60. ಒಂದು ಶಬ್ದದ ಮೇಲೆ ಒಲೆಯ ಉರಿ ನಿಂತಿದೆ. ಸೈನಿಕರ ಮನೆಯವರ ಪರವಾಗಿ ಮನವಿ ಬರೆಯುವ ಉಮೇದು ಇದ್ದವರು ಇಂಥ ಕಾಗದಗಳನ್ನು ಓದಿ ಅವರಿಗೆ ನೆರವಾಗಬಹುದಲ್ಲ! ನಮ್ಮ ನೆರೆಯ ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರುವರಿ 3ರಂದು ಸಿಯಾಚಿನ್ನಿನ ಹಿಮಪಾತದಲ್ಲಿ ಸಿಲುಕಿ, ಆರು ದಿನ ಹಿಮದಡಿಯಲ್ಲಿದ್ದು, ಜೀವಂತ ಹೊರಬಂದು, 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರನ್ನು ಕೊಂದದ್ದು ಹಿಮ, ಗುಂಡಲ್ಲ. ಅದರಿಂದ ನಾಡು ಅವರಿಗಾಗಿ ಒಂದು ಹನಿ ಕಣ್ಣೀರನ್ನಾದರೂ ಕಡಿಮೆ ಸುರಿಸಿತೇ? ಅರೆಸೇನೆಯ ಜವಾನನ ತಾಯಿಯನ್ನು ಈ ಪ್ಲೇಟಿನ ಸಾಲಿನಿಂದ ಹೊರಗೆ ನಿಲ್ಲಿಸುವ ಧೈರ್ಯ ಠರಾವಿಗೆ ಸಹಿ ಮಾಡಿದವರಿಗೆ ಇದೆಯೇ?

ಮಡಿದವನ ಹೆಂಡತಿಯ ಮಾತು ಇನ್ನೂ ಸೂಕ್ಷ್ಮವಾದದ್ದು. ಇಪ್ಪತ್ತೈದು ವರ್ಷದ ಹೆಣ್ಣುಮಗಳೊಬ್ಬಳು ಸ್ಕೂಟರಿನ ಮೇಲೆ ಮಗುವನ್ನು ಶಾಲೆಗೆ ಬಿಡಲು ಹೋಗುತ್ತಾಳೆ. ಗಂಡ ತೀರಿದನೆಂಬುದನ್ನೂ, ಮನೆಗೆ ಪರಿಹಾರದ ಹಣ ಬಂದಿದೆಯೆಂಬುದನ್ನೂ ಅವಳ ಗಾಡಿಯೇ ಸಂತೆಗೆಲ್ಲ ಸಾರಬೇಕೇ? ಆ ಹಣದ ಮೇಲೆ ಕಣ್ಣಿಟ್ಟ ಬಂಧುಗಳು ಮನೆಯಲ್ಲಿಯೇ ಸಾಲದೇ? ಅವಳು ಮರುಮದುವೆಯಾದರೆ ಆ ಪ್ಲೇಟನ್ನು ಕೀಳುವವರು ಯಾರು? ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯಗಳೂ ಸೇರಿವೆ. ಮರೆಮಾಡಬೇಕಾದುದನ್ನು ಮರೆಮಾಡುವುದು, ಕುಸಿಯುವವರನ್ನು ನಿಲ್ಲಿಸುವುದು, ಕರುವಿನ ಮೇಲೆ ಹಸುವಿಗಿರುವಂಥ ಪ್ರೀತಿ. ನಮ್ಮ ಟ್ರಸ್ಟುಗಳಿಗೆ ಎಂಟನೆಯದಾದ ಪ್ರಭಾವನೆಯೊಂದೇ ನೆನಪಿನಲ್ಲಿ ಉಳಿದಂತೆ ತೋರುತ್ತದೆ. ಅದೂ ಮೆರವಣಿಗೆಯ ರೂಪದಲ್ಲಿ.

ಮಡಿದವರನ್ನು ನಮ್ಮ ನಾಡು ಹೇಗೆ ನೆನೆಯುತ್ತಿತ್ತು ಎಂಬುದನ್ನು ನೋಡಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಹಾನಗಲ್ಲಿನ ತಾರಕೇಶ್ವರ ದೇವಾಲಯಕ್ಕೆ ಹೋದರೆ ಸಾಕು. ಅಲ್ಲಿಯ ದೊಡ್ಡ ವೀರಗಲ್ಲಿನಲ್ಲಿ ಕಾಳಗವನ್ನೇ ಕಡೆದಿದ್ದಾರೆ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ದೇವಾಂಗನೆಯರು, ಮೇಲೆ ಲಿಂಗದ ಅಥವಾ ಜಿನನ ಸನ್ನಿಧಿ. ಕಲ್ಲು ಊರಲ್ಲಿ ನಿಲ್ಲುತ್ತಿತ್ತು, ಮಡಿದವನ ಹೆಸರನ್ನೇ ಹೇಳುತ್ತಿತ್ತು. ಅವನ ಮನೆಯವರಿಗೆ ‘ನೆತ್ತರುಗೊಡಗೆ’ಯೆಂದು ಭೂಮಿ ಬಿಡುತ್ತಿದ್ದರು. ಹೆಸರು ಕಲ್ಲಿಗೆ, ಕಾಳು ಮನೆಗೆ. ನಂಬರ್ ಪ್ಲೇಟಿನಲ್ಲಿ ಮಡಿದವನ ಹೆಸರೂ ಇರುವುದಿಲ್ಲ, ಮನೆಗೆ ಹಿಡಿ ಜೋಳವೂ ಬರುವುದಿಲ್ಲ. ಇರುವುದು ಬದುಕಿರುವವನ ಗಾಡಿಯ ನಂಬರು.

ಠರಾವಿನ ಬೇರು ಎಲ್ಲಿದೆ ಎಂಬುದನ್ನು ವ್ಯಾಪಾರಿಯಾದ ನಾನೇ ಹೇಳಿಬಿಡುತ್ತೇನೆ. ಆಕರ್ಷಕ ನಂಬರಿಗಾಗಿ ಸಾರಿಗೆ ಇಲಾಖೆಯ ಹರಾಜಿನಲ್ಲಿ ಹಣ ಸುರಿಯುವವರು ನಮ್ಮಲ್ಲೂ ಇದ್ದಾರೆ. ಗಾಡಿಯ ಮುಂದಿನ ಅಂಗೈಯಗಲದ ತಗಡೇ ಮಾನವೆಂದು ನಂಬಿದವರಿಗೆ, ಪರರಿಗೆ ಮಾನ ಕೊಡಲು ಹೊರಟಾಗಲೂ ತಗಡೇ ಹೊಳೆಯುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಕುಲಮದವೂ ಒಂದು, ಋದ್ಧಿಮದವೂ ಒಂದು. ಯುದ್ಧದಲ್ಲಿ ಗೆದ್ದು, ಗೆದ್ದದ್ದನ್ನೆಲ್ಲ ಬಿಟ್ಟು ನಿಂತ ಬಾಹುಬಲಿಗೂ, ತಾನು ನಿಂತ ನೆಲ ಅಣ್ಣನದೆಂಬ ಒಂದು ಮುಳ್ಳು ಮನಸ್ಸಿನಲ್ಲಿ ಉಳಿದಿದ್ದರಿಂದ ಕೇವಲಜ್ಞಾನ ತಡವಾಯಿತೆಂದು ನಾವು ಕಥೆ ಕೇಳುತ್ತೇವೆ. ಕೇಳಿ ಎದ್ದು ಕಲಶದ ಸವಾಲಿಗೆ ಕೂಡುತ್ತೇವೆ, ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುತ್ತೇವೆ.

ನಮ್ಮ ಆಡೂರಿನಲ್ಲಿ ಬಾದಾಮಿ ಚಾಲುಕ್ಯ ಕೀರ್ತಿವರ್ಮನ ಹೆಸರುಳ್ಳ ಶಾಸನವಿದೆ. ಊರಿನ ಗಾಮುಂಡನು ಕಟ್ಟಿಸಿದ ಜಿನಾಲಯದ ದಾನಶಾಲೆಗೆ ಭೂಮಿ ಬಿಟ್ಟುದನ್ನು ಅದು ಹೇಳುತ್ತದೆ. ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಈ ಊರಿನವರಿಗೆ ಜಿನಾಲಯದೊಡನೆ ದಾನಶಾಲೆಯೂ ಬೇಕೆನಿಸಿತ್ತು. ಮುಂದಿನ ಸಭೆಗೆ ನಾನು ಈ ತಿದ್ದುಪಡಿಯನ್ನು ಬರೆದುಕೊಟ್ಟಿದ್ದೇನೆ: ಮನವಿಯನ್ನು ಕೈಬಿಡಬೇಕು, ಕಲಶದ ಸವಾಲಿನ ಉತ್ಪನ್ನದಲ್ಲಿ ಹತ್ತನೆಯ ಒಂದು ಪಾಲನ್ನು ನಮ್ಮ ನಾಲ್ಕು ತಾಲೂಕುಗಳಲ್ಲಿ ಮಡಿದ ಸೈನಿಕರ, ಅರೆಸೈನಿಕರ ಮಕ್ಕಳ ಓದಿಗೆ, ಜಾತಿ ಮತ ಕೇಳದೆ, ಪಡೆದವರ ಹೆಸರನ್ನು ಎಲ್ಲಿಯೂ ಓದದೆ ಕೊಡಬೇಕು, ಪಿಂಚಣಿಯ ಕಾಗದಪತ್ರ ತಿಳಿದ ಒಬ್ಬ ನಿವೃತ್ತ ಗುಮಾಸ್ತರನ್ನು ತಿಂಗಳಿಗೆ ಎರಡು ದಿನ ಬಸದಿಯ ಕಚೇರಿಯಲ್ಲಿ ಕೂಡಿಸಬೇಕು. ಅನುಮೋದಕರು ಇನ್ನೂ ಒಬ್ಬರೇ. ಇತರ ಊರುಗಳ ಟ್ರಸ್ಟಿನವರು ತಮ್ಮ ಅಭಿಪ್ರಾಯವನ್ನು, ಅದು ವಿರೋಧವಾಗಿದ್ದರೂ ಸರಿ, ಸಂಪಾದಕರಿಗೆ ಬರೆದು ತಿಳಿಸಬೇಕಾಗಿ ವಿನಂತಿ.