ಅವಳು ಯಾಕೆ ಬಿಟ್ಟು ಬರಲಿಲ್ಲ?

"ಅಷ್ಟು ಹೊಡೆಯುತ್ತಿದ್ದರೆ ತವರಿಗೆ ಬಂದುಬಿಡಬೇಕಿತ್ತು" ಎಂಬ ಮಾತು ನಮ್ಮ ಸಾಲಿಗ್ರಾಮದ ಜಗುಲಿಗಳಲ್ಲೂ ಕೇಳುತ್ತದೆ, ಕೋರ್ಟಿನ ಪಾಟೀಸವಾಲಿನಲ್ಲೂ ಕೇಳುತ್ತದೆ. ಬಂದವಳಿಗೆ ಮೂರನೇ ದಿನ ಬುದ್ಧಿ ಹೇಳಿ ಬಸ್ಸು ಹತ್ತಿಸುವವರೂ ನಾವೇ ಅಲ್ಲವೇ?

ಮೈಮೇಲಿನ ಗಾಯದ ಆಳ ಹೇಳಲು ವೈದ್ಯರು ಕಟಕಟೆ ಹತ್ತುತ್ತಾರೆ. ವರ್ಷಗಟ್ಟಲೆ ಹೆದರಿ ಬದುಕಿದ ಮನಸ್ಸು ಏಕೆ ಓಡಿಹೋಗುವುದಿಲ್ಲ, ಏಕೆ ತಡವಾಗಿ ಬಾಯಿಬಿಡುತ್ತದೆ ಎಂದು ಹೇಳಬಲ್ಲ ಮನೋವೈದ್ಯರನ್ನು ಎಷ್ಟು ಸಲ ಕರೆಸುತ್ತೇವೆ? ನಿಮ್ಹಾನ್ಸ್‌ನಂಥ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ. ಕಾನೂನೂ ಬಾಗಿಲು ಮುಚ್ಚಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 45ನೇ ಕಲಂ ವಿಜ್ಞಾನ ಬಲ್ಲವರ ಅಭಿಪ್ರಾಯಕ್ಕೆ ಎಡೆ ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಾಕ್ಷ್ಯ ಅಧಿನಿಯಮದ 39ನೇ ಕಲಂ ಆ ಬಾಗಿಲನ್ನು ಇನ್ನಷ್ಟು ಅಗಲ ಮಾಡಿದೆ.

ಇಂಗ್ಲೆಂಡಿಗೆ ಮದುವೆಯಾಗಿ ಹೋದ ಪಂಜಾಬಿನ ಕಿರಣ್‌ಜಿತ್ ಅಹ್ಲುವಾಲಿಯಾ ಹತ್ತು ವರ್ಷ ಏಟು ತಿಂದು, 1989ರಲ್ಲಿ ಗಂಡನಿಗೆ ಬೆಂಕಿಯಿಟ್ಟರು. ಆತ ಸತ್ತ, ಈಕೆಗೆ ಜೀವಾವಧಿ ಶಿಕ್ಷೆಯಾಯಿತು. ಮೊದಲು ಕೋರ್ಟಿನ ಮುಂದೆ ಬಾರದಿದ್ದ ಆಕೆಯ ಖಿನ್ನತೆಯ ವೈದ್ಯಕೀಯ ಸಾಕ್ಷ್ಯ 1992ರಲ್ಲಿ ಬಂದಾಗ ಕೊಲೆಯ ತೀರ್ಪು ರದ್ದಾಯಿತು. ಅದೇ ವರ್ಷ ಸೆರೆಯಿಂದ ಹೊರಬಂದರು.

"ಹಾಗಾದರೆ ಕೊಲೆಗೆಲ್ಲ ನೆಪ ಸಿಕ್ಕಂತಾಯಿತು" ಎನ್ನುವವರಿದ್ದಾರೆ. ಇಲ್ಲ, ತೀರ್ಪು ಕೊಡುವವರು ನ್ಯಾಯಾಧೀಶರೇ. ತಜ್ಞರನ್ನೂ ಪಾಟೀಸವಾಲಿಗೆ ಒಳಪಡಿಸಲಿ, ಅವರ ಮಾತನ್ನೂ ತೂಗಲಿ. ಕೇಳದೆಯೇ ತೂಗುವುದು ಯಾವ ನ್ಯಾಯ? 1983ರಲ್ಲಿ ಬಂದ 498ಎ ಕಲಮೇ ಮಾನಸಿಕ ಹಿಂಸೆಯನ್ನೂ ಕ್ರೌರ್ಯವೆಂದಿತು. ಮನಸ್ಸಿನ ಗಾಯವನ್ನು ಅಪರಾಧವೆಂದ ಕಾನೂನು, ಆ ಗಾಯ ಬಲ್ಲವರ ಮಾತು ಕೇಳಬೇಡವೇ?

ಮಗಳಿಗಾಗಿಯೋ ತಂಗಿಗಾಗಿಯೋ ವಕೀಲರ ಬಳಿ ಹೋದಾಗ ಸಂಕೋಚಪಡದೆ ಕೇಳಿ: "ಮನೋವೈದ್ಯರನ್ನು ಸಾಕ್ಷಿಯಾಗಿ ಕರೆಸುತ್ತೀರಾ, ಸ್ವಾಮಿ?"