ದೋಣಿಗೆ ಪರಿಹಾರ, ಬೆಸ್ತನಿಗಿಲ್ಲ

2006ರ ಫೆಬ್ರುವರಿಯಲ್ಲಿ ಇರಾಕ್‌ನ ತಿಕ್ರಿತ್ ನಗರದ ಬಳಿ, ಟೈಗ್ರಿಸ್ ನದಿಯಲ್ಲಿ ಮೀನು ಹಿಡಿಯುತ್ತಿದ್ದ ಬೆಸ್ತನೊಬ್ಬ ತನ್ನ ದೋಣಿಯ ಎಂಜಿನ್ ಆರಿಸಲೆಂದು ಬಾಗಿದ. ಅಷ್ಟಕ್ಕೇ ಗಾಬರಿಗೊಂಡ ಅಮೆರಿಕದ ಸೈನಿಕರು ಗುಂಡು ಹಾರಿಸಿದರು. ಬೆಸ್ತ ಸತ್ತ. ಒಡೆಯನಿಲ್ಲದ ದೋಣಿ ಹೊಳೆಯಲ್ಲಿ ತೇಲಿಹೋಯಿತು; ಅದರೊಡನೆ ಬಲೆಯೂ ಮೊಬೈಲ್ ಫೋನೂ ಕಳ್ಳರ ಪಾಲಾದವು. ಪರಿಹಾರ ಕೋರಿ ಬಂದ ಅರ್ಜಿಯ ಮೇಲೆ ಅಮೆರಿಕದ ಸೇನೆ ಕೊಟ್ಟ ತೀರ್ಮಾನ ಹೀಗಿತ್ತು: ಸಾವು ಸಂಭವಿಸಿದ್ದು ‘ಯುದ್ಧ ಚಟುವಟಿಕೆ’ಯಲ್ಲಿ, ಅದಕ್ಕೆ ಪರಿಹಾರವಿಲ್ಲ, ದೋಣಿ, ಬಲೆ ಮತ್ತು ಫೋನಿಗೆ 3,500 ಡಾಲರ್.

ಬೆಂಗಳೂರಿನ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಹಲವು ವರ್ಷ ಸತ್ತವರ ಮನೆಯವರ ಪರವಾಗಿ ವಾದಿಸಿದ ನನಗೆ ಈ ತೀರ್ಮಾನವನ್ನು ಮರೆಯಲಾಗಿಲ್ಲ. ಜೀವಕ್ಕೆ ಬೆಲೆ ಕಟ್ಟುವುದು ನಮಗೆ ಹೊಸ ಕೆಲಸವೇನಲ್ಲ. ಮೃತನ ಆದಾಯ ಎಷ್ಟು, ಅದರಲ್ಲಿ ಸ್ವಂತಕ್ಕೆ ಖರ್ಚಾಗುತ್ತಿದ್ದುದೆಷ್ಟು ಎಂದು ಕೂಡಿ ಕಳೆದು, ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತೇವೆ. ಸರಳಾ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಒಪ್ಪಿದ ಕೋಷ್ಟಕದಂತೆ, ಮೂವತ್ತೆರಡು ವರ್ಷದವನಿಗೆ ಗುಣಕ 16. ಲೆಕ್ಕ ನಿರ್ದಯವಾದದ್ದೇ, ನಿಜ. ಆದರೆ ಲೆಕ್ಕ ಆರಂಭವಾಗುವುದು ಮನುಷ್ಯನಿಂದ. ಅವನು ಓಡಿಸುತ್ತಿದ್ದ ಸ್ಕೂಟರಿನಿಂದಲ್ಲ.

ಬೆಸ್ತನ ಕಡತ ಹೊರಬಂದದ್ದು 2007ರಲ್ಲಿ. ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಅಲ್ಲಿನ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯ ಬಲದಿಂದ ಇಂಥ ಸುಮಾರು ಐನೂರು ಅರ್ಜಿಗಳ ದಾಖಲೆ ಪಡೆದು ಪ್ರಕಟಿಸಿತು. ಇಂಥ ಅರ್ಜಿಗಳನ್ನು ಓದಿ, ಅಳೆದು, ಟಿಪ್ಪಣಿ ಬರೆಯುವವರು ಸಮವಸ್ತ್ರ ತೊಟ್ಟ ವಕೀಲರು. ಸೇನೆಯ ‘ಜಡ್ಜ್ ಅಡ್ವೊಕೇಟ್ ಜನರಲ್’ ವಿಭಾಗದ ಅಧಿಕಾರಿಗಳು. ಅವರನ್ನು ಕಲ್ಲೆದೆಯವರೆಂದು ಬಗೆಯುವ ಮೊದಲು ಅವರ ದಿನಚರಿಯನ್ನು ನೋಡಬೇಕು.

ಪರದೇಶದ ಶಿಬಿರದಲ್ಲಿ ಈ ವಕೀಲರ ಬೆಳಗು ಹೆಚ್ಚಾಗಿ ಸೈನಿಕರ ಮನೆವಾರ್ತೆಯಲ್ಲೇ ಕಳೆಯುತ್ತದೆ. ಒಬ್ಬನಿಗೆ ಉಯಿಲು ಬರೆಸಬೇಕು, ಇನ್ನೊಬ್ಬನಿಗೆ ಊರಿನ ಮನೆ ಮಾರಲು ಹೆಂಡತಿಯ ಹೆಸರಿಗೆ ಮುಖ್ತಾರ್‌ನಾಮೆ ಬೇಕು, ಮತ್ತೊಬ್ಬನಿಗೆ ವಿಚ್ಛೇದನದ ನೋಟಿಸು ಬಂದಿದೆ. ಆಮೇಲೆ ಶಿಸ್ತು ಪ್ರಕರಣಗಳು, ಗುತ್ತಿಗೆ ಪತ್ರಗಳು, ಸೆರೆಸಿಕ್ಕವರನ್ನು ಇರಿಸಿಕೊಳ್ಳಬೇಕೇ ಬಿಡಬೇಕೇ ಎಂಬ ಪರಿಶೀಲನೆ. ವಾರದ ಗೊತ್ತಾದ ದಿನಗಳಂದು ಸ್ಥಳೀಯರ ಅಹವಾಲು. ದುಭಾಷಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕುಸಿದ ಗೋಡೆ, ಸತ್ತ ಹಸು, ಟ್ಯಾಂಕ್ ತುಳಿದ ಹೊಲ, ಸತ್ತ ಮಗ, ಎಲ್ಲವನ್ನೂ ಒಂದೇ ನಮೂನೆಯ ಅರ್ಜಿಯಲ್ಲಿ ತುಂಬಿಸಿಕೊಳ್ಳಬೇಕು. ರಾತ್ರಿ ಅದೇ ಅಧಿಕಾರಿಗೆ ಕಾರ್ಯಾಚರಣೆ ಕೊಠಡಿಯಿಂದ ಕರೆ ಬರಬಹುದು. ಪರದೆಯ ಮೇಲೆ ಒಂದು ಮನೆ, ಅಂಗಳದಲ್ಲಿ ಓಡಾಡುವ ನೆರಳುಗಳು. ಇದು ಸೈನಿಕ ಗುರಿಯೇ? ಎಷ್ಟು ನಾಗರಿಕರು ಸಾಯಬಹುದು? ಆಗಲಿರುವ ಸೈನಿಕ ಲಾಭಕ್ಕೆ ಹೋಲಿಸಿದರೆ ಆ ಹಾನಿ ಮಿತಿಮೀರಿದ್ದೇ? ಕೆಲವೇ ನಿಮಿಷಗಳಲ್ಲಿ ಅಭಿಪ್ರಾಯ ಹೇಳಬೇಕು. ನಿರ್ಧಾರ ಮಾತ್ರ ದಂಡನಾಯಕನದು.

ಹಗಲಿನ ಮೇಜಿನಲ್ಲಿ ಅವರ ಕೈ ಕಟ್ಟಿಹಾಕುವುದು 1942ರ ವಿದೇಶಿ ಪರಿಹಾರ ಕಾಯ್ದೆ. ಸ್ಥಳೀಯ ಜನರೊಂದಿಗೆ ಸೌಹಾರ್ದ ಉಳಿಸಿಕೊಳ್ಳಲೆಂದೇ ಹುಟ್ಟಿದ ಈ ಕಾಯ್ದೆ ಯುದ್ಧ ಚಟುವಟಿಕೆಯಿಂದಾದ ಹಾನಿಯನ್ನು ಹೊರಗಿಡುತ್ತದೆ. ಸೇನೆಯ ಲಾರಿ ಕಾರಿಗೆ ಗುದ್ದಿದರೆ ಪರಿಹಾರವುಂಟು, ತಪಾಸಣಾ ಠಾಣೆಯ ಗುಂಡು ಅದೇ ಕಾರಿಗೆ ಬಡಿದರೆ ಇಲ್ಲ. ಈ ಕಂದಕವನ್ನು ಮುಚ್ಚಲು ಇರಾಕ್ ಮತ್ತು ಆಫ್ಘಾನಿಸ್ತಾನದಲ್ಲಿ ‘ಸಂತಾಪದ ಹಣ’ ಎಂಬ ಇನ್ನೊಂದು ದಾರಿ ಬಂತು. ಇರಾಕ್‌ನಲ್ಲಿ ಸಾವಿಗೆ ಸಾಮಾನ್ಯವಾಗಿ 2,500 ಡಾಲರ್‌ವರೆಗೆ, ತೀವ್ರ ಗಾಯಕ್ಕೆ 1,500. ಅದು ಹಕ್ಕಲ್ಲ, ತಪ್ಪೊಪ್ಪಿಗೆಯೂ ಅಲ್ಲ. ದಂಡನಾಯಕ ಮನಸ್ಸು ಮಾಡಿದರೆ ಉಂಟು. ನಮ್ಮಲ್ಲೂ ತಪ್ಪು ಯಾರದೆಂದು ಕೇಳದೆ ಕೊಡುವ ಹಣವಿತ್ತು. 1988ರ ಮೋಟಾರು ವಾಹನ ಕಾಯ್ದೆಯ 140ನೇ ಸೆಕ್ಷನ್, ತಿದ್ದುಪಡಿಯಾಗುವವರೆಗೆ, ಸಾವಿಗೆ 50 ಸಾವಿರ ರೂಪಾಯಿ ಕೊಡಿಸುತ್ತಿತ್ತು. ಆದರೆ ಅದು ವ್ಯಾಜ್ಯದ ಮೊದಲ ಮೆಟ್ಟಿಲಾಗಿತ್ತು; ಚಾಲಕನ ಪಾಟೀಸವಾಲು ಆಮೇಲೆ ನಡೆಯುತ್ತಿತ್ತು. ಅಲ್ಲಿ ಹಣ ಎಣಿಸಿಕೊಟ್ಟಲ್ಲಿಗೆ ಮಾತು ಮುಗಿಯುತ್ತಿತ್ತು.

ಹಾಗಾದರೆ ಈ ವಕೀಲರು ಗುಂಡಿಗೆ ಕಾನೂನಿನ ಮೊಹರು ಒತ್ತುವ ಗುಮಾಸ್ತರೇ? ಹಲವರು ಹಾಗೆ ವಾದಿಸುತ್ತಾರೆ, ಅದರಲ್ಲಿ ಹುರುಳಿಲ್ಲದಿಲ್ಲ. 2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ ಅಮೆರಿಕದ ಡ್ರೋನ್ ದಾಳಿಗೆ ಹತ್ತು ನಾಗರಿಕರು ಬಲಿಯಾದರು, ಅವರಲ್ಲಿ ಏಳು ಮಕ್ಕಳು. ತಪ್ಪಾಯಿತೆಂದು ಪೆಂಟಗನ್ ಸೆಪ್ಟೆಂಬರಿನಲ್ಲಿ ಒಪ್ಪಿಕೊಂಡಿತು. ನವೆಂಬರಿನಲ್ಲಿ ಬಂದ ತನಿಖಾ ವರದಿ ಮಾತ್ರ ಯುದ್ಧ ಕಾನೂನು ಸೇರಿದಂತೆ ಯಾವ ಕಾನೂನೂ ಉಲ್ಲಂಘನೆಯಾಗಿಲ್ಲ ಎಂದಿತು. ಕಾನೂನು ಮುರಿಯಲಿಲ್ಲ, ಏಳು ಮಕ್ಕಳು ಉಳಿಯಲಿಲ್ಲ. ಎರಡೂ ಏಕಕಾಲಕ್ಕೆ ನಿಜವಾಗಬಲ್ಲವು ಎಂಬುದೇ ಈ ಕಾನೂನಿನ ದೊಡ್ಡ ದೌರ್ಬಲ್ಯ.

ಆದರೂ ಈ ಹುದ್ದೆಯ ಪರವಾಗಿ ನಾನು ವಾದಿಸುತ್ತೇನೆ. ಕಾರಣ, ಹಗಲು ಸತ್ತವನ ಹೆಂಡತಿಯನ್ನು ಎದುರಿಗೆ ಕಂಡವರೇ ರಾತ್ರಿ ಪರದೆಯ ಮುಂದೆ ಕೂರುತ್ತಾರೆ ಎಂಬ ಸಂಗತಿ. ತಪಾಸಣಾ ಠಾಣೆಯ ಸೈನಿಕನಿಗೆ ಯೋಚಿಸಲು ಇರುವುದು ಎರಡು ಮೂರು ಕ್ಷಣ. ಅವನ ಪಕ್ಕದಲ್ಲಿ ಯಾವ ವಕೀಲನೂ ನಿಂತಿರುವುದಿಲ್ಲ. ವಕೀಲರಿಂದ ಸೈನಿಕನ ಕೈ ಕಟ್ಟಿಹೋಯಿತು ಎನ್ನುವವರು ಇದನ್ನು ಮರೆಯುತ್ತಾರೆ. ಒಂದೇ ಠಾಣೆಯಿಂದ ಮೇಲಿಂದ ಮೇಲೆ ಸಾವಿನ ಅರ್ಜಿ ಬಂದಾಗ, ‘ಅರಬ್ಬಿ ಭಾಷೆಯ ಫಲಕ ಕತ್ತಲಲ್ಲಿ ಕಾಣುತ್ತಿಲ್ಲ, ಅದನ್ನು ಇನ್ನಷ್ಟು ಮುಂದಕ್ಕೆ ನೆಡಿಸಿ’ ಎಂದು ದಂಡನಾಯಕನಿಗೆ ಹೇಳಬಲ್ಲವರು ಆ ಅರ್ಜಿಗಳನ್ನು ಓದಿದವರೇ. ಹಾಗೆ ಉಳಿದ ಜೀವಗಳು ಯಾವ ಕಡತದಲ್ಲೂ ದಾಖಲಾಗುವುದಿಲ್ಲ. ದೂರದಿಂದ ಹಾರಿಬರುವ ಡ್ರೋನ್ ಯುದ್ಧದಲ್ಲಿ ಈ ಎರಡು ಮೇಜುಗಳು ಬೇರೆಯಾಗುತ್ತವೆ. ಕಾಬೂಲ್ ದಾಳಿಯ ಮರುದಿನವೇ ಅಮೆರಿಕದ ಕೊನೆಯ ಸೈನಿಕ ಆಫ್ಘಾನಿಸ್ತಾನ ಬಿಟ್ಟಿದ್ದ. ಅರ್ಜಿ ಹಿಡಿದು ಹೋಗಲು ಆ ಊರಿನಲ್ಲಿ ಬಾಗಿಲೇ ಉಳಿದಿರಲಿಲ್ಲ.

ಈ ಹುದ್ದೆಗೆ ಇಂದಿನ ಮಹತ್ವ ಬಂದದ್ದೂ ರಕ್ತಪಾತದಿಂದಲೇ. 1968ರಲ್ಲಿ ವಿಯೆಟ್ನಾಂನ ಮೈ ಲಾಯ್ ಹಳ್ಳಿಯಲ್ಲಿ ಅಮೆರಿಕದ ಸೈನಿಕರು ನೂರಾರು ಹಳ್ಳಿಗರನ್ನು ಕೊಂದರು. ಅದರ ಬೆನ್ನಿಗೆ 1974ರಲ್ಲಿ ಅಮೆರಿಕ ತನ್ನ ಪಡೆಗಳಿಗೆ ಯುದ್ಧ ಕಾನೂನಿನ ತರಬೇತಿ ಕಡ್ಡಾಯಗೊಳಿಸಿತು. 1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿದ ಮೊದಲ ಹೆಚ್ಚುವರಿ ಶಿಷ್ಟಾಚಾರದ 82ನೇ ವಿಧಿ ದಂಡನಾಯಕರಿಗೆ ಕಾನೂನು ಸಲಹೆಗಾರರು ಲಭ್ಯವಿರಬೇಕೆಂದು ವಿಧಿಸಿತು. 2003ರಲ್ಲಿ ಸೆರೆಯಾಳುಗಳ ಕ್ರೂರ ವಿಚಾರಣಾ ವಿಧಾನಗಳಿಗೆ ಅಮೆರಿಕದ ಸೇನೆಯ ಹಿರಿಯ ವಕೀಲರು ಲಿಖಿತ ಆಕ್ಷೇಪ ಸಲ್ಲಿಸಿದರು. ಯಾರೂ ಕಿವಿಗೊಡಲಿಲ್ಲ. ಮರುವರ್ಷ ಅಬು ಘ್ರೈಬ್ ಜೈಲಿನ ಚಿತ್ರಗಳನ್ನು ಜಗತ್ತೇ ನೋಡಿತು. ಆ ವರ್ಷವೇ ಅಮೆರಿಕದ ಸಂಸತ್ತು, ಈ ವಕೀಲರ ಸ್ವತಂತ್ರ ಸಲಹೆಯಲ್ಲಿ ರಕ್ಷಣಾ ಇಲಾಖೆಯ ಯಾರೂ ಹಸ್ತಕ್ಷೇಪ ಮಾಡುವಂತಿಲ್ಲವೆಂದು ಕಾನೂನು ಮಾಡಿತು.

ಅದೇ ದೇಶದ ರಕ್ಷಣಾ ಕಾರ್ಯದರ್ಶಿ ಪೀಟ್ ಹೆಗ್ಸೆತ್ 2025ರ ಫೆಬ್ರುವರಿಯಲ್ಲಿ ಭೂಸೇನೆ, ನೌಕಾಪಡೆ, ವಾಯುಪಡೆ ಮೂರರ ಮುಖ್ಯ ಕಾನೂನು ಅಧಿಕಾರಿಗಳ ಸ್ಥಾನಕ್ಕೆ ಬೇರೆಯವರನ್ನು ತರುವುದಾಗಿ ಪ್ರಕಟಿಸಿದರು. ಮಹಾದಂಡನಾಯಕನ ಆದೇಶಗಳಿಗೆ ಅವರು ಅಡ್ಡಿಯಾಗಬಾರದು ಎಂಬುದು ಅವರು ಕೊಟ್ಟ ಸಮರ್ಥನೆ. ಸಲಹೆಗಾರನ ‘ಕೂಡದು’ ಎಂಬ ಮಾತನ್ನು ದಂಡನಾಯಕ ತಳ್ಳಿಹಾಕಬಹುದು; ಹಾಗೆ ತಳ್ಳಿಹಾಕಿದ್ದು ದಾಖಲೆಯಲ್ಲಿ ಉಳಿಯುತ್ತದೆ. ‘ಕೂಡದು’ ಎಂದವನ ಕುರ್ಚಿಯೇ ಹೋಗುತ್ತದೆ ಎಂದಾದರೆ ಆ ಮಾತನ್ನು ಆಡುವವರಾರು? ತಲೆಯಾಡಿಸುವ ವಕೀಲರು ಯಾವ ಕಾಲದಲ್ಲೂ ಧಾರಾಳವಾಗಿ ಸಿಗುತ್ತಾರೆ. ನಮ್ಮ ವೃತ್ತಿಯ ಬಗ್ಗೆ ನನಗಿಷ್ಟು ಗೊತ್ತು.

ಇದು ಅಮೆರಿಕದ ಮನೆಯ ಜಗಳ ಎಂದು ನಾವು ಸುಮ್ಮನಿರುವಂತಿಲ್ಲ. 1977ರ ಆ ಶಿಷ್ಟಾಚಾರಕ್ಕೆ ಭಾರತ ಸಹಿ ಹಾಕಿಲ್ಲ. ನಮ್ಮ ಸೇನೆಗೂ ಜಡ್ಜ್ ಅಡ್ವೊಕೇಟ್ ಜನರಲ್ ವಿಭಾಗ ಇದೆ ಎಂಬುದು ಬೇರೆ ಮಾತು. ಇದುವರೆಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು ವಿಶ್ವಸಂಸ್ಥೆಯ ನೀಲಿ ಟೋಪಿ ಧರಿಸಿ ಕಾಂಗೊ, ಲೆಬನಾನ್, ದಕ್ಷಿಣ ಸುಡಾನ್ ಮೊದಲಾದೆಡೆ ದುಡಿದಿದ್ದಾರೆ. ಅಲ್ಲಿಯೂ ಲಾರಿಗಳು ಗುದ್ದುತ್ತವೆ, ಗುಂಡುಗಳು ಗುರಿ ತಪ್ಪುತ್ತವೆ. 1998ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಅಂಗೀಕರಿಸಿದ ನಿರ್ಣಯವೊಂದು ಅಂಥ ಸಾವಿಗೆ ಪರಿಹಾರದ ಗರಿಷ್ಠ ಮಿತಿಯನ್ನು 50 ಸಾವಿರ ಡಾಲರ್‌ಗೆ ನಿಗದಿಪಡಿಸಿ, ‘ಕಾರ್ಯಾಚರಣೆಯ ಅನಿವಾರ್ಯತೆ’ಯಿಂದ ಆದ ಹಾನಿಗೆ ಹೊಣೆಯಿಲ್ಲವೆಂದು ಹೇಳಿದೆ. ಟೈಗ್ರಿಸ್‌ನ ಬೆಸ್ತನ ಕಡತದಲ್ಲಿದ್ದ ಪದದ ದಾಯಾದಿ ಇದು. ಯಾವ ಸಾವು ಆ ಪದದೊಳಗೆ ಬೀಳುತ್ತದೆ ಎಂದು ತೀರ್ಮಾನಿಸುವ ಸ್ಥಳೀಯ ಮಂಡಳಿಗಳಲ್ಲಿ ಕೂರುವವರು ವಿಶ್ವಸಂಸ್ಥೆಯ ಸಿಬ್ಬಂದಿಯೇ. ಕಲಬುರ್ಗಿ ರಸ್ತೆಯಲ್ಲಿ ಲಾರಿಗೆ ಸಿಕ್ಕು ಸತ್ತ ಕೂಲಿಯವನ ಮೇಲ್ಮನವಿಯ ತೀರ್ಪನ್ನು ನಾನು ಮನೆಯಲ್ಲೇ ಕುಳಿತು ಹೈಕೋರ್ಟಿನ ಜಾಲತಾಣದಲ್ಲಿ ಓದಬಲ್ಲೆ. ಕಾಂಗೊದಲ್ಲಿ ನೀಲಿ ಟೋಪಿಯವರ ಲಾರಿಗೆ ಸಿಕ್ಕವನ ಕಡತವನ್ನು ನಾನಿರಲಿ, ಅವನ ಹೆಂಡತಿಯೂ ಓದಲಾರಳು.